ವಿಶ್ವಬ್ಯಾಂಕ್ ಸಾಲದ ಕೆರೆ ಕೆಲಸ: ದುಡ್ಡು ಸೋರೋದು ಎಲ್ಲಿ, ಹಿಡಿಯೋದು ಹೇಗೆ?

ಕೆರೆಕೋಡಿ (ಗುಬ್ಬಿ):

ಎಲ್ಲರಿಗೂ ನಮಸ್ಕಾರ. ಕೆರೆ ಬಳಕೆದಾರರ ಸಂಘಗಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ತಿಳಿದವರ ನೆರವು ಬೇಕು.

ಹೊರಗಿನ ಸಾಲದ ಕಾಮಗಾರಿಗಳು ನಮ್ಮ ಸೀಮೆಗೆ ಹೊಸದಲ್ಲ. 2002ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಒಂಬತ್ತು ಜಿಲ್ಲೆಗಳಲ್ಲಿ ನಡೆಯಿತು. ತುಮಕೂರು ಅದರಲ್ಲಿತ್ತು, ಆಗಿನ್ನೂ ಒಂದೇ ಆಗಿದ್ದ ಕೋಲಾರ-ಚಿಕ್ಕಬಳ್ಳಾಪುರವೂ ಇತ್ತು. ಸುಜಲ ಜಲಾನಯನ ಯೋಜನೆ ಅದೇ ಕಾಲದ್ದು. ಆಮೇಲೆ ಅಂತರ್ಜಲ ಉಳಿಸುವ ಅಟಲ್ ಭೂಜಲ ಯೋಜನೆ ಬಂತು. ಆದರೂ ಹಳ್ಳಿಯಲ್ಲಿ ಎರಡು ಮಾತು ಹಾಗೇ ಉಳಿದಿವೆ. ಒಂದು, "ಅದು ಫಾರಿನ್ ದುಡ್ಡು, ಹೋದ್ರೆ ನಮ್ಮಪ್ಪನ ಮನೆ ಗಂಟೇನು ಹೋಗಲ್ಲ". ಇನ್ನೊಂದು, "ವಿಶ್ವಬ್ಯಾಂಕಿನವರು ಭಾಳ ಬಿಗಿ, ಅದರಲ್ಲಿ ತಿನ್ನೋಕಾಗಲ್ಲ".

ಎರಡೂ ಎಷ್ಟರ ಮಟ್ಟಿಗೆ ನಿಜ? ಹೂಳೆತ್ತುವ ಕೆಲಸದಲ್ಲಿ ಸೋರಿಕೆ ನಿಜವಾಗಿ ಆಗುವುದು ಯಾವ ಹಂತದಲ್ಲಿ? ಸಂಘದವರು ತಾವೇ ಏನನ್ನು ಅಳೆದು ನೋಡಬಹುದು?

ಖಾತೆಪುಸ್ತಕ (ಚಿಕ್ಕಬಳ್ಳಾಪುರ):

ಮೊದಲನೇ ಮಾತು ಪೂರ್ತಿ ಸುಳ್ಳು ಸರ್. ಹೋಗೋದು ನಮ್ಮ ಗಂಟೇ.

ಇದು ದಾನವಲ್ಲ, ಸಾಲ. ಸಹಿ ಹಾಕುವುದು ಭಾರತ ಸರ್ಕಾರ, ಬಳಸುವುದು ರಾಜ್ಯ. 2002ರ ಕೆರೆ ಸಾಲ ವಿಶ್ವಬ್ಯಾಂಕಿನ ಐಡಿಎ ಅನ್ನುವ, ಬಡ ದೇಶಗಳಿಗೆಂದೇ ಇರುವ ಅಗ್ಗದ ಕಿಟಕಿಯಿಂದ ಬಂದದ್ದು. ಬಡ್ಡಿ ಇಲ್ಲ, 0.75% ಸೇವಾ ಶುಲ್ಕ, ಮೊದಲ 10 ವರ್ಷ ಅಸಲು ಕಟ್ಟಬೇಕಿಲ್ಲ, ಒಟ್ಟು 35 ವರ್ಷದ ಅವಧಿ. ಅಂದರೆ ಆಗ ಹುಟ್ಟಿದ ಮಗು ಈಗ ದುಡಿದು ಕಟ್ಟುವ ತೆರಿಗೆಯಲ್ಲಿ ಆ ಸಾಲದ ಪಾಲಿದೆ. 2014ರಲ್ಲಿ ಭಾರತ ಐಡಿಎ ಪಟ್ಟಿಯಿಂದ ಮೇಲೇರಿತು. ಈಗಿನ ಸಾಲಗಳಿಗೆ ಮಾರುಕಟ್ಟೆಗೆ ಹೊಂದಿದ ಬಡ್ಡಿ ಇದೆ. ಇನ್ನೊಂದು ಬದಲಾವಣೆ ಜನಕ್ಕೆ ಗೊತ್ತೇ ಇಲ್ಲ. ಮೊದಲು ಕೇಂದ್ರವು ಇಂಥ ಹಣವನ್ನು ನಮ್ಮಂಥ ರಾಜ್ಯಗಳಿಗೆ 70% ಸಾಲ, 30% ಅನುದಾನ ಎಂದು ಕೊಡುತ್ತಿತ್ತು. 2005ರಿಂದೀಚೆಗೆ ಬ್ಯಾಂಕ್ ಯಾವ ಷರತ್ತಿನಲ್ಲಿ ಕೊಟ್ಟಿತೋ ಅದೇ ಷರತ್ತಿನಲ್ಲಿ ರಾಜ್ಯಕ್ಕೆ ದಾಟಿಸುತ್ತದೆ. ಡಾಲರ್ ಏರಿದರೆ ಅದರ ಹೊರೆಯೂ ರಾಜ್ಯದ್ದೇ.

ಇನ್ನು ಎರಡನೇ ಮಾತು. ಬಿಗಿ ಇರುವುದು ದೊಡ್ಡ ಗುತ್ತಿಗೆಗಳಿಗೆ. ನಿಗದಿತ ಮಿತಿಗಿಂತ ಮೇಲಿನ ಟೆಂಡರ್‌ಗಳ ಕಾಗದ ಮಾತ್ರ ಮುಂಚಿತವಾಗಿ ಬ್ಯಾಂಕಿನ ಮುಂದೆ ಹೋಗುತ್ತದೆ. ಒಂದು ಹಳ್ಳಿ ಕೆರೆಯ ಕೆಲವು ಲಕ್ಷದ ಕೆಲಸ ಆ ಮಿತಿಗಿಂತ ಎಷ್ಟೋ ಕೆಳಗೆ. ಅದು ನಂತರದ ಪರಿಶೀಲನೆಗೆ ಬರುತ್ತದೆ, ಅದೂ ಹತ್ತಾರರಲ್ಲಿ ಒಂದೆರಡು ಕಡತ ಎತ್ತಿ ನೋಡುವ ಲೆಕ್ಕದಲ್ಲಿ. ನೋಡುವುದೂ ಕಡತವನ್ನೇ, ಕೆರೆಯನ್ನಲ್ಲ. 2008ರ ಜನವರಿಯಲ್ಲಿ ಬ್ಯಾಂಕ್ ತಾನೇ ಭಾರತದ ಐದು ಆರೋಗ್ಯ ಯೋಜನೆಗಳ ತನಿಖಾ ವರದಿ ಹೊರಹಾಕಿತು. ಒಡಿಶಾದಲ್ಲಿ 55 ಆಸ್ಪತ್ರೆಗಳಿಗೆ ಹೋಗಿ ನೋಡಿದರೆ ಬಹುಪಾಲು ಕಡೆ ಸೋರುವ ಮಾಳಿಗೆ, ಉದುರುವ ಗಾರೆ, ಅರ್ಧಕ್ಕೆ ಬಿಟ್ಟ ಕೆಲಸ. ಕಾಗದದಲ್ಲಿ ಮಾತ್ರ "ಕೆಲಸ ಪೂರ್ಣಗೊಂಡಿದೆ" ಎಂಬ ಪ್ರಮಾಣಪತ್ರ. ಕಡತ ಸರಿಯಿದ್ದರೆ ಕೆಲಸ ಸರಿಯಿದೆ ಅಂದುಕೊಳ್ಳಬಾರದು ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಹಣ ಹರಿಯುವ ದಾರಿ ತಿಳಿದರೆ ಮಿಕ್ಕದ್ದು ಅರ್ಥವಾಗುತ್ತದೆ. ಬ್ಯಾಂಕ್ ಹಣ ಗುತ್ತಿಗೆದಾರನ ಖಾತೆಗೆ ಬರುವುದಿಲ್ಲ. ರಾಜ್ಯ ತನ್ನ ಬಜೆಟ್‌ನಿಂದ ಬಿಲ್ ಪಾವತಿಸುತ್ತದೆ, ಆಮೇಲೆ ಖರ್ಚಿನ ಲೆಕ್ಕ ದೆಹಲಿಗೆ ಹೋಗುತ್ತದೆ. ಅಲ್ಲಿ ಹಣಕಾಸು ಸಚಿವಾಲಯದ ಕೆಳಗೆ ಹೊರಗಿನ ನೆರವಿನ ಲೆಕ್ಕ ನೋಡುವ ಕಚೇರಿ ಬ್ಯಾಂಕಿಗೆ ಕ್ಲೇಮ್ ಹಾಕಿ ಮರುಪಾವತಿ ಪಡೆಯುತ್ತದೆ. ಯಾವುದೋ ಖರ್ಚು ಒಪ್ಪುವಂಥದ್ದಲ್ಲ ಅಂತ ಬ್ಯಾಂಕ್ ತಳ್ಳಿಹಾಕಿದರೆ ಏನಾಗುತ್ತದೆ? ಗುತ್ತಿಗೆದಾರನ ದುಡ್ಡು ಯಾವತ್ತೋ ಸಂದಿರುತ್ತದೆ. ಹೊರೆ ರಾಜ್ಯದ ಖಜಾನೆಗೆ ಬೀಳುತ್ತದೆ. ಟೆಂಡರ್‌ನಲ್ಲೇ ಅಕ್ರಮ ಕಂಡರೆ ಬ್ಯಾಂಕ್ ಆ ಗುತ್ತಿಗೆಯಷ್ಟು ಸಾಲವನ್ನು ರದ್ದು ಮಾಡುತ್ತದೆ. ಆಗಲೂ ಅಷ್ಟೇ, ಕಟ್ಟುವವರು ನಾವು.

ಇಲ್ಲೇ ಗಂಟು ಇರುವುದು. ತಪ್ಪನ್ನು ಬಯಲಿಗೆಳೆದ ಅಧಿಕಾರಿಯ ಇಲಾಖೆಗೆ ಬರಬೇಕಾದ ಮರುಪಾವತಿ ನಿಲ್ಲುತ್ತದೆ, ಮುಚ್ಚಿಟ್ಟರೆ ಎಲ್ಲ ಸಲೀಸು. ಒಳಗಿನವರೇ ಹಿಡಿದುಕೊಡುತ್ತಾರೆ ಅಂತ ಕಾಯುವುದು ವ್ಯರ್ಥ.

ಅಟಲ್ ಭೂಜಲದ್ದು ಬೇರೆ ಬಗೆ. ಅದು ಫಲಿತಾಂಶ ನೋಡಿ ಹಣ ಬಿಡುವ ಸಾಲ. ಅಂತರ್ಜಲದ ಮಾಹಿತಿ ಸಾರ್ವಜನಿಕವಾಗಿದೆಯೇ, ಪಂಚಾಯ್ತಿಯ ಜಲ ಭದ್ರತಾ ಯೋಜನೆ ಆಗಿದೆಯೇ, ನೀರಿನ ಮಟ್ಟ ಕುಸಿಯುವ ವೇಗ ತಗ್ಗಿದೆಯೇ ಎಂಬಂಥ ಸೂಚ್ಯಂಕಗಳನ್ನು ಹೊರಗಿನ ಸಂಸ್ಥೆ ಪರಿಶೀಲಿಸಿದ ಮೇಲೆ ಹಣ. ಇಂಥದರಲ್ಲಿ ಸುಳ್ಳು ಸೇರುವುದು ಬಿಲ್ಲಿನಲ್ಲಲ್ಲ, ಎಣಿಕೆಯಲ್ಲಿ. ನಿಮ್ಮ ಪಂಚಾಯ್ತಿಯ ಜಲ ಭದ್ರತಾ ಯೋಜನೆಯ ಪ್ರತಿ ಕೇಳಿ, ಅದರಲ್ಲಿರುವ ಕೊಳವೆಬಾವಿಗಳ ಸಂಖ್ಯೆಯನ್ನು ಊರಿನ ನಿಜ ಸಂಖ್ಯೆಯ ಜೊತೆ ಹೋಲಿಸಿ. ಮನೆಮನೆ ತಿರುಗಿ ಬರೆದದ್ದೋ ಕೂತಲ್ಲೇ ಬರೆದದ್ದೋ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ತೂಬುಗಲ್ಲು (ಶಿರಾ):

ಖಾತೆಪುಸ್ತಕ ಅವರು ಮೇಲಿನ ದಾರಿ ಹೇಳಿದ್ರು. ನಾನು ಕೆರೆ ಅಂಗಳದ್ದು ಹೇಳ್ತೀನಿ.

ಹೂಳೆತ್ತೋ ಕೆಲಸದಲ್ಲಿ ದೊಡ್ಡ ಕಳ್ಳತನ ಆಗೋದು ಜೆಸಿಬಿ ಇಳಿಯೋಕೆ ಮುಂಚೆ, ಮೊದಲ ಲೆವೆಲ್ ತಗೊಳ್ಳುವಾಗ. ಬಿಲ್ ಆಗೋದು ಎರಡು ಅಳತೆಗಳ ವ್ಯತ್ಯಾಸದ ಮೇಲೆ: ಕೆಲಸಕ್ಕೆ ಮುಂಚಿನ ಮಟ್ಟ, ಕೆಲಸ ಆದ್ಮೇಲಿನ ಮಟ್ಟ. ಮೊದಲಿನ ಮಟ್ಟವನ್ನ ಪುಸ್ತಕದಲ್ಲಿ ಒಂದು ಗೇಣು ಎತ್ತರಿಸಿ ಬರೆದ್ರೆ ಸಾಕು, ಇಲ್ಲದ ಹೂಳು ಹುಟ್ಟುತ್ತೆ.

ಲೆಕ್ಕ ನೋಡಿ. ಹೂಳೆತ್ತೋ ಜಾಗ 8 ಹೆಕ್ಟೇರ್ ಅಂದ್ರೆ 80,000 ಚದರ ಮೀಟರ್. ಅಂದಾಜು ಪಟ್ಟೀಲಿ ಸರಾಸರಿ 60 ಸೆಂಟಿಮೀಟರ್ ಅಂತಿದ್ರೆ 48,000 ಘನ ಮೀಟರ್ ಆಯ್ತು. ನಿಜವಾಗಿ ತೆಗೆದಿದ್ದು 40 ಸೆಂಟಿಮೀಟರ್ ಆದ್ರೆ 32,000. ಕಣ್ಣಿಗೆ ಕಾಣದ 20 ಸೆಂಟಿಮೀಟರಲ್ಲಿ 16,000 ಘನ ಮೀಟರ್ ಹೋಯ್ತು. ಅದಾದ್ಮೇಲೆ ಒಂದು ಮಳೆ ಬಂದು ಕೆರೆ ತುಂಬಿತೋ, ಯಾರೂ ಅಳೆಯೋ ಹಾಗಿಲ್ಲ. ಕಡೇ ಲೆವೆಲನ್ನ ಮುಂಗಾರಿನ ಅಂಚಿಗೆ ತಳ್ಳೋದು ಅದಕ್ಕೇ.

ಇದನ್ನ ಹಿಡಿಯೋಕೆ ದೊಡ್ಡ ವಿದ್ಯೆ ಬೇಡ. ಕೆರೇಲಿ ಅಲುಗಾಡದ ಎರಡು ಕಲ್ಲು ಇರುತ್ವೆ: ತೂಬಿನ ಹೊಸ್ತಿಲು, ಕೋಡಿಯ ಹಾಸುಗಲ್ಲು. ಇವೆರಡನ್ನೇ ಗುರುತು ಮಾಡ್ಕೊಳ್ಳಿ. ತೂಬಿನಿಂದ ಕೆರೆ ಹಿನ್ನೀರಿನ ಕಡೆಗೆ ಮೂರು ನೇರ ಸಾಲು ಹಿಡಿದು, 20 ಮೀಟರಿಗೊಂದು ಜಾಗದಲ್ಲಿ ನೆಲ ತೂಬಿನ ಹೊಸ್ತಿಲಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರ್ಕೊಳ್ಳಿ. ಮಟ್ಟ ಅಳೆಯೋ ಆಟೊ ಲೆವೆಲ್ ಯಂತ್ರ ಬಾಡಿಗೆಗೆ ಸಿಕ್ಕಿದ್ರೆ ಒಂದೇ ದಿನದ ಕೆಲಸ. ಇಲ್ಲಾಂದ್ರೆ ಗಾರೆಯವರು ಮಟ್ಟ ನೋಡೋಕೆ ಇಟ್ಕೊಂಡಿರೋ ನೀರಿನ ಪೈಪ್ ಸಾಕು. ಪೈಪಲ್ಲಿ ಗಾಳಿ ಗುಳ್ಳೆ ಉಳೀಬಾರದು, ಉಳಿದ್ರೆ ಎರಡು ಕಡೆ ಮಟ್ಟ ಬೇರೆ ಬೇರೆ ತೋರಿಸುತ್ತೆ. ನೀರು ತುಂಬಿದ್ಮೇಲೆ ಎರಡೂ ತುದಿ ಅಕ್ಕಪಕ್ಕ ಹಿಡಿದು ಒಂದೇ ಎತ್ತರ ಇದೆಯಾ ನೋಡ್ಕೊಂಡೇ ಶುರು ಮಾಡಿ. ಕೆಲಸ ಮುಗಿದ ದಿನ ಅದೇ ಸಾಲು, ಅದೇ ಜಾಗ. ಅಲ್ಲಲ್ಲಿ ಒಂದೊಂದು ಗುಂಡಿ ಆಳ ತೆಗೆದು ಅಲ್ಲೇ ಫೋಟೊ ಹಿಡಿಸ್ತಾರೆ. ಸಾಲು ಹಿಡಿದು ಅಳೆದ್ರೆ ಗುಂಡಿಯ ಬಂಡವಾಳ ಗೊತ್ತಾಗುತ್ತೆ.

ಅಳೆಯೋಕಾಗಲಿಲ್ಲ ಅಂದ್ರೆ ಟ್ರಿಪ್ ಎಣಿಸಿ. ಟಿಪ್ಪರ್ ತೊಟ್ಟಿ ಒಳಗಡೆ ಟೇಪ್ ಹಿಡೀರಿ. 14 ಅಡಿ ಉದ್ದ, 7.5 ಅಡಿ ಅಗಲ, 4 ಅಡಿ ಎತ್ತರ ಇದ್ರೆ 420 ಘನ ಅಡಿ, ಹತ್ತಿರ ಹತ್ತಿರ 12 ಘನ ಮೀಟರ್. ಅಗೆದ ಮಣ್ಣು ಉಬ್ಬುತ್ತೆ, ಬಿಲ್ ಆಗೋದು ನೆಲದಲ್ಲಿದ್ದ ಗಟ್ಟಿ ಮಣ್ಣಿಗೆ. ಕಾಲು ಭಾಗ ಉಬ್ಬುತ್ತೆ ಅಂತ ಇಟ್ಕೊಂಡ್ರೆ ಒಂದು ಲೋಡಿಗೆ 9.5 ಘನ ಮೀಟರ್. 48,000ಕ್ಕೆ 5,000ಕ್ಕಿಂತ ಜಾಸ್ತಿ ಲೋಡ್ ಹೋಗಬೇಕು. ನಾಲ್ಕು ಟಿಪ್ಪರ್ ದಿನಕ್ಕೆ ಇಪ್ಪತ್ತಿಪ್ಪತ್ತು ಟ್ರಿಪ್ ಹೊಡೆದ್ರೂ 63 ದಿನ ಬೇಕು. ಕೆಲಸ 20 ದಿನದಲ್ಲಿ ಮುಗೀತು ಅಂದ್ರೆ ಹೋಗಿರೋದು 15,200 ಘನ ಮೀಟರ್ ಅಷ್ಟೇ. ಮಿಕ್ಕಿದ್ದು ಪುಸ್ತಕದಲ್ಲಿ ಎತ್ತಿದ ಹೂಳು.

ಇನ್ನೆರಡು ಕೈಚಳಕ ಇದೆ. ರೈತರು ತಮ್ಮ ಖರ್ಚಲ್ಲೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಗೋಡು ಹೊಡ್ಕೊಂಡಿರ್ತಾರಲ್ಲ, ಅದನ್ನೂ ಗುತ್ತಿಗೆದಾರನ ಲೆಕ್ಕಕ್ಕೆ ಸೇರಿಸೋದು ಒಂದು. ಸಂಘದವರು ರೈತರ ಟ್ರ್ಯಾಕ್ಟರಿಗೆ ಬೇರೆ ನೋಟ್‌ಬುಕ್ ಇಡಬೇಕು, ಸಹಿ ಹಾಕಿಸ್ಕೋಬೇಕು. ಇನ್ನೊಂದು ಲೀಡ್, ಅಂದ್ರೆ ಮಣ್ಣು ಸಾಗಿಸೋ ದೂರ. ಅಂದಾಜಲ್ಲಿ ಮಣ್ಣನ್ನ 2 ಕಿಲೋಮೀಟರ್ ಸಾಗಿಸಬೇಕು ಅಂತ ದರ ಹಾಕಿರ್ತಾರೆ, ಸುರಿಯೋದು ಇನ್ನೂರು ಮೀಟರ್ ಆಚೆ ಕೆರೆ ಅಂಗಳದ ಅಂಚಿಗೇ. ಇದು ಬರೀ ದುಡ್ಡಿನ ಮೋಸ ಅಲ್ಲ, ಹೊಟ್ಟೆ ಉರಿಯುತ್ತೆ ನೋಡಿದ್ರೆ, ಮೊದಲ ಮಳೇಗೆ ಅದೇ ಹೂಳು ವಾಪಸ್ ಕೆರೆಗೆ ಇಳಿಯುತ್ತೆ.

ಏರಿ ಕೆಲಸದಲ್ಲಿ ನೋಡಬೇಕಾದ್ದು ಕಲ್ಲಿನ ಹಿಂದೆ. ಒಳಮೈಗೆ 30 ಸೆಂಟಿಮೀಟರ್ ಕಲ್ಲು ಕಟ್ಟು, ಅದರ ಹಿಂದೆ 15 ಸೆಂಟಿಮೀಟರ್ ಜಲ್ಲಿ ಪದರ ಅಂತ ಪಟ್ಟೀಲಿದ್ರೆ, ಜಲ್ಲಿ ಹಾಕದೇ ಬಿಡೋದೇ ಹೆಚ್ಚು. ಯಾಕಂದ್ರೆ ಅದು ಕಾಣಲ್ಲ. ಎಇ (ಸಹಾಯಕ ಎಂಜಿನಿಯರ್) ಅವರ ಎದುರಲ್ಲೇ ಎಲ್ಲಾದ್ರೂ ಎರಡು ಕಲ್ಲು ಬಿಡಿಸಿ ತೋರಿಸಿ ಅಂತ ಕೇಳಿ. ಜಲ್ಲಿ ಇಲ್ಲದಿದ್ರೆ ಕೆರೆ ನೀರು ಇಳಿಯುವಾಗ ಏರಿ ಮಣ್ಣು ಸಂದೀಲಿ ಜಾರಿ ಬರುತ್ತೆ, ಎರಡು ಮೂರು ವರ್ಷದಲ್ಲಿ ಕಲ್ಲು ಕುಸಿಯುತ್ತೆ. ತೂಬಿನ ವಿಷ್ಯಕ್ಕೆ ಬಂದ್ರೆ, ಹೊಸ ಬಾಗಿಲು, ಹೊಸ ತಿರುಪು ರಾಡು ಅಂತ ಬಿಲ್ ಆಗಿ, ಹಳೇ ರಾಡಿಗೆ ಬಣ್ಣ ಹೊಡೆದು ನಿಲ್ಲಿಸಿರ್ತಾರೆ. ಬಣ್ಣ ಉಗುರಲ್ಲಿ ಕೆರೆದು ನೋಡಿ, ತಿರುಪಿನ ಹಲ್ಲು ಸವೆದಿದ್ರೆ ಹಳೇದೇ.

ಬಂಗಾರಪೇಟೆ ಓದುಗ (ಕೋಲಾರ):

ತೂಬುಗಲ್ಲು ಅಣ್ಣ ಹೇಳಿದ ಉಪಾಯವನ್ನೇ ಇಂಡೊನೇಷ್ಯಾದಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ, ಅದೂ ವಿಶ್ವಬ್ಯಾಂಕ್ ಸಾಲದ ಹಳ್ಳಿ ರಸ್ತೆಗಳಲ್ಲೇ. ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞ 608 ಹಳ್ಳಿಗಳ ರಸ್ತೆ ಅಗೆಸಿ, ಕಲ್ಲು ಮರಳು ಎಷ್ಟಿದೆ ಎಂದು ಅಳೆಸಿ, ಪುಸ್ತಕದ ಲೆಕ್ಕದ ಜೊತೆ ಹೋಲಿಸಿದರು. ಸಹಜವಾಗಿ ಎಷ್ಟು ಸಾಮಗ್ರಿ ನಷ್ಟವಾಗುತ್ತದೆ ಎಂದು ತಿಳಿಯಲು ತಾವೇ ಪರೀಕ್ಷೆಗೆಂದು ಚಿಕ್ಕ ರಸ್ತೆಗಳನ್ನು ಹಾಕಿಸಿ ನೋಡಿದರು. ನಿಮ್ಮ ಕೈಪಿಡಿಗೆ ಆ ಫಲಿತಾಂಶ ಮುಖ್ಯ. ಆಡಿಟ್ ಬರುವ ಸಾಧ್ಯತೆ 4% ಇದ್ದದ್ದನ್ನು 100% ಮಾಡಿ, ಮೊದಲೇ ತಿಳಿಸಿದಾಗ ಕಾಣೆಯಾಗುವ ಹಣ ಸುಮಾರು 8 ಶೇಕಡಾ ಅಂಶ ಇಳಿಯಿತು. ಜನರನ್ನು ಸಭೆಗೆ ಕರೆದು "ನೀವೇ ನೋಡಿಕೊಳ್ಳಿ" ಅಂದದ್ದರಿಂದ ಒಟ್ಟಾರೆ ಹೆಚ್ಚೇನೂ ಬದಲಾಗಲಿಲ್ಲ. ಸಭೆಯಲ್ಲಿ ಜನ ಕೂಲಿ ಲೆಕ್ಕ ಕೇಳಿದರು, ಅದು ಅವರ ಕೈಗೆ ಬರುವ ದುಡ್ಡು. ಸಾಮಗ್ರಿಯ ಕಳ್ಳತನ ಹಾಗೇ ನಡೆಯಿತು. ಹಾಗಾಗಿ ಗ್ರಾಮಸಭೆಯಲ್ಲಿ ಚರ್ಚೆ ಇಟ್ಟುಬಿಟ್ಟರೆ ಮುಗಿಯಿತು ಅಂತ ಕೈಪಿಡಿಯಲ್ಲಿ ಬರೆಯಬೇಡಿ. ಸಭೆಗೆ ಅಳತೆಯ ಕಾಗದ ಹಿಡಿದು ಹೋಗಬೇಕು. ಇನ್ನೊಂದನ್ನೂ ಅವರು ಗಮನಿಸಿದರು: ಆಡಿಟ್ ಭಯ ಇದ್ದ ಊರುಗಳಲ್ಲಿ ಯೋಜನೆಯ ಕೆಲಸಕ್ಕೆ ಮುಖಂಡರ ನೆಂಟರಿಷ್ಟರು ಹೆಚ್ಚು ಸೇರಿಕೊಂಡರು. ಒಂದು ತೂತು ಮುಚ್ಚಿದರೆ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ.

ಉಗಾಂಡದ್ದು ಇನ್ನೂ ಹಳೆಯ ಪಾಠ. 1991ರಿಂದ 95ರವರೆಗೆ ಶಾಲೆಗಳಿಗೆ ತಲೆಗಿಷ್ಟು ಎಂದು ಕಳಿಸಿದ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ 13% ಮಾತ್ರ. ಮಿಕ್ಕದ್ದು ಜಿಲ್ಲಾ ಮಟ್ಟದಲ್ಲೇ ಇಂಗಿಹೋಯಿತು. ಅದಾದ ಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆ ಎಂದು ಪತ್ರಿಕೆಗಳಲ್ಲಿ ಹಾಕಿದರು, ಶಾಲೆಯ ಬಾಗಿಲಿಗೆ ಬರೆದು ಅಂಟಿಸಿದರು. 2001ರ ಹೊತ್ತಿಗೆ 80%ಕ್ಕಿಂತ ಹೆಚ್ಚು ತಲುಪತೊಡಗಿತು. ಪೂರ್ತಿ ಶ್ರೇಯ ಪತ್ರಿಕೆಗೇ ಕೊಡಲಾಗದು, ಅನುದಾನ ಹಂಚುವ ಪದ್ಧತಿಯೂ ಆಗಲೇ ಬದಲಾಗಿತ್ತು. ಆದರೂ "ಎಷ್ಟು ಬರಬೇಕಿತ್ತು" ಎಂಬುದು ಗೊತ್ತಿಲ್ಲದವನು "ಎಷ್ಟು ಬಂತು" ಎಂದು ಕೇಳಲಾರ.

ಬಡ ದೇಶಗಳಿಗೆ ಕೊಟ್ಟ ನೆರವೆಲ್ಲ ಸ್ವಿಸ್ ಬ್ಯಾಂಕಿಗೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಅದಕ್ಕೂ ಒಂದು ಅಳತೆ ಇದೆ. ನೆರವನ್ನೇ ಹೆಚ್ಚು ನಂಬಿದ 22 ದೇಶಗಳನ್ನು ನೋಡಿದ ಅಧ್ಯಯನವೊಂದನ್ನು 2020ರಲ್ಲಿ ವಿಶ್ವಬ್ಯಾಂಕೇ ಪ್ರಕಟಿಸಿತು. ವಿಶ್ವಬ್ಯಾಂಕಿನ ಹಣ ಬಿಡುಗಡೆಯಾದ ತ್ರೈಮಾಸಿಕದಲ್ಲೇ ತೆರಿಗೆಗಳ್ಳರ ಸ್ವರ್ಗ ಎನಿಸಿದ ದೇಶಗಳ ಬ್ಯಾಂಕುಗಳಲ್ಲಿ ಆ ದೇಶದವರ ಠೇವಣಿ ಏರಿತ್ತು. ಸೋರಿಕೆ ಸರಾಸರಿ 7.5% ಎಂದು ಅಂದಾಜಾಯಿತು. ನಮ್ಮ ಪರಿಸ್ಥಿತಿ ಆ ದೇಶಗಳದ್ದಲ್ಲ. ನಮ್ಮ ಬಜೆಟ್ ಹೊರಗಿನ ನೆರವಿನ ಮೇಲೆ ನಿಂತಿಲ್ಲ. ನಮ್ಮಲ್ಲಿ ಸೋರುವುದು ಅಂದಾಜು ಪಟ್ಟಿಯಲ್ಲಿ ಮತ್ತು ಎಂಜಿನಿಯರ್ ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ.

ಕೆರೆಕೋಡಿ (ಗುಬ್ಬಿ):

ಬಹಳ ಉಪಕಾರವಾಯಿತು. ಟಿಪ್ಪರ್ ಲೆಕ್ಕವನ್ನು ಹಾಗೇ ಕೈಪಿಡಿಗೆ ಹಾಕುತ್ತೇವೆ. ಇನ್ನೆರಡು ಸಂದೇಹ. ದೂರು ಎಲ್ಲಿಗೆ? ವಿಶ್ವಬ್ಯಾಂಕಿನ ಇನ್ಸ್‌ಪೆಕ್ಷನ್ ಪ್ಯಾನೆಲ್‌ಗೆ ಬರೆಯಿರಿ ಎಂದು ಒಬ್ಬರು ಹೇಳಿದರು. ಇನ್ನೊಂದು, ದೂರು ಕೊಟ್ಟರೆ ಯೋಜನೆಯೇ ನಿಂತುಹೋಗುತ್ತದೆ ಎಂಬ ಹೆದರಿಕೆ ಜನರಲ್ಲಿದೆ. ಅದರಲ್ಲಿ ಹುರುಳಿದೆಯೇ?

ಖಾತೆಪುಸ್ತಕ (ಚಿಕ್ಕಬಳ್ಳಾಪುರ):

ಪ್ಯಾನೆಲ್ ಇದಕ್ಕಲ್ಲ. ನರ್ಮದಾ ನದಿಯ ಸರ್ದಾರ್ ಸರೋವರ ಅಣೆಕಟ್ಟಿನ ಗಲಾಟೆಯ ನಂತರ 1993ರಲ್ಲಿ ಅದು ಹುಟ್ಟಿತು. ಬ್ಯಾಂಕ್ ತನ್ನದೇ ನಿಯಮ ಮುರಿದು ಜನಕ್ಕೆ ಹಾನಿಯಾದರೆ, ಉದಾಹರಣೆಗೆ ಪರಿಹಾರ ಕೊಡದೆ ಒಕ್ಕಲೆಬ್ಬಿಸಿದರೆ, ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಅಲ್ಲಿಗೆ ಹೋಗಬಹುದು. ಲಂಚ, ಸುಳ್ಳು ಬಿಲ್, ಟೆಂಡರ್ ಹೊಂದಾಣಿಕೆ ನೋಡುವುದು ಬ್ಯಾಂಕಿನ ಇಂಟೆಗ್ರಿಟಿ ವಿಭಾಗ. ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು. ಯೋಜನೆಗೆ ಒಂದು ಸಂಖ್ಯೆ ಇರುತ್ತದೆ, ಪಿ ಅಕ್ಷರದ ಮುಂದೆ ಆರು ಅಂಕಿ. ಅದನ್ನು ಬರೆಯಲೇಬೇಕು. ಬ್ಯಾಂಕಿನ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯೋಜನಾ ದಾಖಲೆ, ಖರೀದಿ ಯೋಜನೆ, ಪ್ರಗತಿ ವರದಿ ಎಲ್ಲ ಸಿಗುತ್ತವೆ.

ಆದರೆ ಆ ವಿಭಾಗದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಜನಕ್ಕೆ ನೇರವಾಗಿ ಹೇಳಿ. ಅವರು ಯಾರನ್ನೂ ಜೈಲಿಗೆ ಹಾಕಲಾರರು. ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಬಲ್ಲರು. 2010ರ ಒಪ್ಪಂದದ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ನಿಷೇಧವನ್ನು ಏಷ್ಯಾ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ಮುಂತಾದ ಬ್ಯಾಂಕುಗಳೂ ಪಾಲಿಸುತ್ತವೆ. ಪಟ್ಟಿ ಬಹಿರಂಗವಾಗಿದೆ. ಅದರಲ್ಲಿ ಕಂಪನಿಯ ಹೆಸರಷ್ಟೇ ಹುಡುಕಬೇಡಿ, ಪಾಲುದಾರರ ಹೆಸರನ್ನೂ ಹುಡುಕಿ. ಬೋರ್ಡ್ ಬದಲಿಸಿಕೊಂಡು ಮತ್ತೆ ಟೆಂಡರಿಗೆ ಬರುವವರಿದ್ದಾರೆ. ಶಿಕ್ಷೆ ಆಗಬೇಕಾದ್ದು ಆಯಾ ದೇಶದಲ್ಲಿ. ಲೆಸೊಥೊ ಎಂಬ ಪುಟ್ಟ ಬಡ ದೇಶ ಅದನ್ನು ಮಾಡಿ ತೋರಿಸಿತು. ತನ್ನ ಹೈಲ್ಯಾಂಡ್ಸ್ ಜಲ ಯೋಜನೆಯ ಪ್ರಾಧಿಕಾರದ ಮುಖ್ಯಸ್ಥನಾಗಿದ್ದ ಮಸುಫಾ ಸೋಲೆಯನ್ನು 2002ರಲ್ಲಿ ಜೈಲಿಗೆ ಕಳಿಸಿತು, ಲಂಚ ಕೊಟ್ಟ ಕೆನಡಾದ ಏಕರ್ಸ್ ಕಂಪನಿಯನ್ನೂ ತಪ್ಪಿತಸ್ಥ ಎಂದು ಘೋಷಿಸಿತು. ವಿಶ್ವಬ್ಯಾಂಕ್ ಏಕರ್ಸ್ ಮೇಲೆ ಮೂರು ವರ್ಷದ ನಿಷೇಧ ಹಾಕಿದ್ದು 2004ರಲ್ಲಿ, ಅಲ್ಲಿನ ಕೋರ್ಟು ತೀರ್ಪು ಕೊಟ್ಟ ಮೇಲೆ.

ನಮ್ಮಲ್ಲಿ ದಾರಿ ಲೋಕಾಯುಕ್ತ. ದೂರಿಗೆ ನಮೂನೆ 1, ಅದರ ಜೊತೆ ನಮೂನೆ 2ರಲ್ಲಿ ಪ್ರಮಾಣಪತ್ರ. ಘಟನೆ ಆಗಿ ಐದು ವರ್ಷ ದಾಟಿರಬಾರದು. ದೂರಿಗೆ ಮುಂಚೆ ಮಾಹಿತಿ ಹಕ್ಕು ಅರ್ಜಿ ಹಾಕಿ: ₹10 ಶುಲ್ಕ, 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ. "ಕೆರೆ ಕಾಮಗಾರಿಯ ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ತಿರಸ್ಕರಿಸಲು ನೆಪ ಸಿಗುತ್ತದೆ. ತಾಂತ್ರಿಕ ಮಂಜೂರಾತಿಯಾದ ಅಂದಾಜು ಪಟ್ಟಿ, ಮೊದಲ ಮತ್ತು ಕೊನೆಯ ಲೆವೆಲ್ ಹಾಳೆಗಳು, ಆ ಕಾಮಗಾರಿಯ ಎಂಬಿ ಪುಟಗಳ ದೃಢೀಕೃತ ನಕಲು, ಇಷ್ಟನ್ನು ಹೆಸರಿಟ್ಟು ಕೇಳಿ. 30 ದಿನದಲ್ಲಿ ಬರದಿದ್ದರೆ ಮೊದಲ ಮೇಲ್ಮನವಿ. ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಕಲ್ಲು ಬಿಡಿಸಿ ತೋರಿಸಿ ಎಂದು ಕೇಳುವಾಗ ಈ ಕಲಂ ನಮೂದಿಸಿ.

ಬಂಗಾರಪೇಟೆ ಓದುಗ (ಕೋಲಾರ):

ಯೋಜನೆ ನಿಲ್ಲುವ ಹೆದರಿಕೆಗೆ ನಾನು ಉತ್ತರಿಸುತ್ತೇನೆ. ಇಡೀ ಸಾಲ ನಿಂತ ಉದಾಹರಣೆ ಇದೆ. ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಕೊಡಬೇಕಿದ್ದ 120 ಕೋಟಿ ಡಾಲರನ್ನು ಬ್ಯಾಂಕ್ 2012ರ ಜೂನ್‌ನಲ್ಲಿ ರದ್ದು ಮಾಡಿತು. 2017ರಲ್ಲಿ ಕೆನಡಾದ ಕೋರ್ಟಿನಲ್ಲಿ ಲಂಚದ ಪ್ರಕರಣ ಬಿದ್ದುಹೋಯಿತು. ಸೇತುವೆಯನ್ನು ಬಾಂಗ್ಲಾ ಸ್ವಂತ ಹಣದಲ್ಲಿ ಕಟ್ಟಿ 2022ರಲ್ಲಿ ತೆರೆಯಿತು. ಮೊಜಾಂಬಿಕ್‌ನಲ್ಲಿ ಸಂಸತ್ತಿಗೆ ತಿಳಿಸದೆ ಸರ್ಕಾರಿ ಖಾತರಿ ಕೊಟ್ಟು ಎತ್ತಿದ ಗುಪ್ತ ಸಾಲ 2016ರಲ್ಲಿ ಬಯಲಾದಾಗ ನೆರವು ಕೊಡುವ ದೇಶಗಳು ಬಜೆಟ್ ನೆರವನ್ನೇ ನಿಲ್ಲಿಸಿದವು. ಪೆಟ್ಟು ತಿಂದದ್ದು ಆಸ್ಪತ್ರೆ, ಶಾಲೆ ನಂಬಿದ್ದ ಬಡವರು. ಹಾಗೆ ಇಡಿಯಾಗಿ ಕೊಡಲಿ ಬೀಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಆದರೆ ಅವೆಲ್ಲ ಮೇಲ್ಮಟ್ಟದ ಆರೋಪಗಳು. ಒಂದು ಕೆರೆಯ ಲೆವೆಲ್ ತಪ್ಪು ಎಂದು ದಾಖಲೆ ಸಮೇತ ತೋರಿಸಿದರೆ ತಡೆಹಿಡಿಯುವುದು ಆ ಬಿಲ್ಲನ್ನು. ಅದಕ್ಕೇ ದೂರಿನಲ್ಲಿ "ಯೋಜನೆಯೇ ಭ್ರಷ್ಟ" ಎಂದು ಬರೆಯಬೇಡಿ. ಯಾವ ಕೆರೆ, ಯಾವ ಬಿಲ್, ಎಷ್ಟು ಘನ ಮೀಟರ್ ವ್ಯತ್ಯಾಸ, ಅಷ್ಟನ್ನೇ ಬರೆಯಿರಿ.

ತೂಬುಗಲ್ಲು (ಶಿರಾ):

ಒಂದು ಮಾತು ಬಿಟ್ಟುಹೋಗಿತ್ತು. ದೂರು ಕೊಡೋ ಕಾಲ ಮುಖ್ಯ. ಕಡೇ ಬಿಲ್ ಪಾಸಾಗೋಕೆ ಮುಂಚೆ, ಕೆರೆಗೆ ನೀರು ಬರೋಕೆ ಮುಂಚೆ ಕೈಯಲ್ಲಿ ಅಳತೆ ಇರಬೇಕು. ನಮ್ಮ ಕಡೆ ಮೇ ತಿಂಗಳ ಮಳೆಯಲ್ಲೇ ಕೆಲವು ಕೆರೆ ಅಂಗಳದಲ್ಲಿ ನೀರು ನಿಲ್ಲುತ್ತೆ, ಅದಕ್ಕೆ ಏಪ್ರಿಲ್ ಒಳಗೇ ಒಂದು ಸುತ್ತು ಅಳೆದಿಡಿ. ಅಳೆದ ಹಾಳೆ ಮೇಲೆ ತಾರೀಖು, ತೂಬಿನ ಹೊಸ್ತಿಲಿಂದ ಎಷ್ಟನೇ ಮೀಟರ್ ಅನ್ನೋದು, ಅಳೆದ ಇಬ್ಬರ ಸಹಿ, ಜೊತೆಗೆ ಒಬ್ಬ ಪಂಚಾಯ್ತಿ ಸದಸ್ಯರ ಸಹಿ ಹಾಕಿಸಿ. ಪೈಪ್ ಹಿಡಿಯುವಾಗ ಫೋಟೊ ತೆಗೆದ್ರೆ ಚೌಕಟ್ಟಲ್ಲಿ ತೂಬಿನ ಕಲ್ಲು ಕಾಣಲೇಬೇಕು, ಇಲ್ಲಾಂದ್ರೆ ಯಾವ ಕೆರೇದೋ ಅಂತಾರೆ.